ಕಣದ ಮೇಲೆ ಕೂತವರು

ಇದನ್ನು ಓದುವವರಲ್ಲಿ ನನ್ನನ್ನು ಕಾಲೇಜಿನ ದಿನಗಳಿಂದ ಬಲ್ಲವರಿದ್ದರೆ ಮೊದಲು ನಗುತ್ತಾರೆ. ನಗಲಿ. ದೆವ್ವ, ಶಕುನ, ಮಾಟ ಎಂದು ಯಾರು ಬಾಯಿ ಬಿಟ್ಟರೂ ‘ನೀವೇ ಕಂಡಿದ್ದೋ, ಕಂಡವರು ಹೇಳಿದ್ದೋ?’ ಎಂದು ಅಡ್ಡ ಹಾಕುತ್ತಿದ್ದವನು ನಾನು. ಬಹಳ ಮಂದಿ ಆ ಒಂದು ಪ್ರಶ್ನೆಗೇ ಬಿದ್ದುಹೋಗುತ್ತಿದ್ದರು. ಉಳಿದವರನ್ನು ಬೆಳಕು ಹೇಗಿತ್ತು, ಜ್ವರ ಇತ್ತಾ, ಜೊತೆಗೆ ಯಾರಿದ್ದರು ಎಂದು ಕೇಳಿ ಕೆಡವುತ್ತಿದ್ದೆ. ಆ ಪ್ರಶ್ನೆಗಳನ್ನೆಲ್ಲ ಈಗ ನನಗೇ ಹಾಕಿಕೊಂಡು ನೋಡಿದ್ದೇನೆ. ನಾನೇ ಅಲ್ಲಿದ್ದೆ. ಬಿಸಿಲು ಇನ್ನೂ ಇತ್ತು. ಜ್ವರ ಇರಲಿಲ್ಲ. ಜೊತೆಗೆ ಒಂದು ತೋಟದ ಆಳುಗಳೆಲ್ಲ ಇದ್ದರು. ಕಂಡದ್ದೇನು ಎಂದು ಕೇಳಿದರೆ ಮಾತ್ರ ನನ್ನಲ್ಲಿ ಉತ್ತರವಿಲ್ಲ, ಏಕೆಂದರೆ ಅಲ್ಲಿ ಕಾಣುವಂಥದ್ದು ಏನೂ ಇರಲಿಲ್ಲ.

ನನ್ನ ಇನ್ನೊಂದು ಅಪನಂಬಿಕೆಯನ್ನೂ ಮೊದಲೇ ಹೇಳಿಬಿಡಬೇಕು. ತೊಂಬತ್ತರ ದಶಕದ ನಡುವೆ, ನಾನು ಚಿಕ್ಕಮಗಳೂರಿನಲ್ಲಿ ಡಿಗ್ರಿ ಓದುತ್ತಿದ್ದಾಗ, ಒಂದು ಚರ್ಚಾಸ್ಪರ್ಧೆಯ ವಿಷಯ ‘ಜೈಲಿನೊಳಗೆ ಆಳುವುದು ಸರ್ಕಾರವಲ್ಲ, ಗುಂಪುಗಳು’ ಎಂಬುದಾಗಿತ್ತು. ಪತ್ರಿಕೆಗಳಲ್ಲಿ ಆಗ ಅಂಥ ಕಥೆಗಳದ್ದೇ ಹಬ್ಬ. ಒಳಗೆ ಕೂತೇ ಊರನ್ನು ಕುಣಿಸುವ ರೌಡಿ, ಅವನಿಗೆ ತಲೆ ಬಾಗುವ ವಾರ್ಡರು. ನಾನು ವಿರೋಧವಾಗಿ ಮಾತಾಡಿದೆ. ಬೀಗ ಹಾಕಿದ ಕೋಣೆಯಲ್ಲಿ ಕೂತವನ ಬಲ ಎಂದರೆ ಹೊರಗಿನವರು ಅವನ ಬಗ್ಗೆ ಹೇಳಿಕೊಳ್ಳುವ ಕಥೆ ಮಾತ್ರ, ಕಥೆ ನಿಲ್ಲಿಸಿ, ಬಲ ನಿಲ್ಲುತ್ತದೆ ಎಂದೆ. ಚಪ್ಪಾಳೆ ಬಿತ್ತು, ಬಹುಮಾನವೂ ಬಂತು. ಬಹುಮಾನ ಬಂದ ವಾದವನ್ನು ಮನುಷ್ಯ ಅಷ್ಟು ಸುಲಭಕ್ಕೆ ಅನುಮಾನಿಸುವುದಿಲ್ಲ.

ಡಿಗ್ರಿ ಮುಗಿದು ಕಾನೂನು ಓದಲು ಸೇರುವ ನಡುವಿನ ಚಳಿಗಾಲದಲ್ಲಿ ನಾನು ಚಿಕ್ಕಪ್ಪನ ಕಾಫಿ ತೋಟದಲ್ಲಿದ್ದೆ. ಕೊಟ್ಟಿಗೆಹಾರದಿಂದ ಒಳಗೆ, ಜೀಪು ಬಿಟ್ಟು ಬೇರೇನೂ ಹೋಗದ ರಸ್ತೆಯ ಕೊನೆಗೆ ಆ ತೋಟ. ಅಲ್ಲಿ ಜೀಪು ಓಡಿಸುತ್ತಿದ್ದವನು ಸುಂದರ. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನನ್ನನ್ನು ಬಸ್ಸಿಗೆ ಬಿಟ್ಟು ಕರೆತಂದವನು, ಹಾಗಾಗಿ ನನಗೆ ಸುಂದ್ರಣ್ಣ. ಯಾರೋ ಗೊಬ್ಬರ ಎಂದು ಹೇಳಿ ಹೇರಿಸಿದ ಮೂಟೆಗಳಲ್ಲಿ ಗಂಧದ ತುಂಡು ಸಿಕ್ಕು, ಹೇರಿಸಿದವರು ಮಾಯವಾಗಿ, ಇವನೊಬ್ಬ ಸಿಕ್ಕಿಬಿದ್ದಿದ್ದ. ಜಾಮೀನಿಗೆ ಯಾರೂ ಓಡಾಡದೆ ಎರಡು ವರ್ಷದ ಹತ್ತಿರ ದೊಡ್ಡ ಜೈಲೊಂದರಲ್ಲಿ ವಿಚಾರಣಾ ಕೈದಿಯಾಗಿದ್ದು, ಆ ಮಳೆಗಾಲ ಮುಗಿಯುವಾಗ ಹೊರಗೆ ಬಂದಿದ್ದ. ಜೈಲು ಯಾವ ಊರಿನದು ಎಂದು ಬರೆಯುವುದಿಲ್ಲ.

ಅವನು ಬಂದ ಮೇಲೆ ಜನ ಅವನೊಡನೆ ನಡೆದುಕೊಂಡ ರೀತಿ ನನ್ನನ್ನು ಕೆರಳಿಸಿತು. ಕಳ್ಳಮಾಲಿನ ಕೇಸಿನವನು ಎಂದು ದೂರ ಇಟ್ಟಿದ್ದರೆ ಅರ್ಥವಾಗುತ್ತಿತ್ತು. ಆದದ್ದು ತಿರುಗುಮುರುಗು. ಕೊಟ್ಟಿಗೆಹಾರದ ಹೋಟೆಲಿನಲ್ಲಿ ಅವನಿಗೆ ಬೆಂಚು ಬಿಟ್ಟುಕೊಡುತ್ತಿದ್ದರು. ‘ದೊಡ್ಡೋರ ಜೊತೆ ಇದ್ದು ಬಂದಿದ್ದೀಯ, ಇನ್ನು ನಮ್ಮನ್ನೆಲ್ಲ ಮಾತಾಡಿಸ್ತೀಯೋ ಇಲ್ವೋ ಮಾರಾಯ?’ ಎಂದು ಒಬ್ಬ. ‘ಅಣ್ಣಂಗೆ ಒಳಗೇ ಬಿರಿಯಾನಿ ಹೋಗ್ತದಂತೆ, ಹೌದಾ?’ ಎಂದು ಇನ್ನೊಬ್ಬ. ಜೀವಮಾನದಲ್ಲಿ ಪೊಲೀಸ್ ಠಾಣೆ ಮೆಟ್ಟಿಲು ಹತ್ತದವರು ತಾವು ಕಂಡೇ ಇರದ, ಆ ಜೈಲಿನಲ್ಲಿದ್ದ ರೌಡಿಯೊಬ್ಬನನ್ನು ‘ಅಣ್ಣ’ ಎಂದು ಕರೆದು ಸೋದರಮಾವನ ಮಗನ ಹಾಗೆ ಮಾತಾಡುತ್ತಿದ್ದರು. ಚಿಕ್ಕಪ್ಪನಿಗೂ ಅದರ ರುಚಿ ಹತ್ತಿತ್ತು. ಪಕ್ಕದ ತೋಟದವರ ಜೊತೆ ಬೇಲಿ ತಕರಾರಿನ ಮಾತಿಗೆ ಹೋಗುವಾಗ ಸುಂದರನನ್ನು ಬೇಕೆಂದೇ ಜೊತೆಗೆ ನಿಲ್ಲಿಸಿಕೊಳ್ಳುತ್ತಿದ್ದರು. ಸುಂದರ ಬಾಯಿ ಬಿಡಬೇಕಾಗಿರಲಿಲ್ಲ, ಸುಮ್ಮನೆ ಕೈಕಟ್ಟಿ ನಿಂತಿದ್ದರೆ ಸಾಕು, ಪಕ್ಕದವರ ದನಿ ಇಳಿಯುತ್ತಿತ್ತು.

ಅವನು ಮಾತ್ರ ಇದ್ಯಾವುದಕ್ಕೂ ಹಿಗ್ಗಲಿಲ್ಲ. ಯಾಕೆ ಎಂದು ಒಂದು ಬೆಳಿಗ್ಗೆ ಜೀಪಿನ ಶೆಡ್ಡಿನಲ್ಲಿ ನನಗೆ ಹೇಳಿದ. ನಾನು ಕಾನೂನು ಓದುವವನು ಎಂದು ಅವನ ಲೆಕ್ಕ, ಇನ್ನೂ ಸೇರಿಯೇ ಇಲ್ಲ ಎಂದರೂ ಕೇಳಲಿಲ್ಲ. ವಿಷಯ ಇಷ್ಟು. ಅವನಿದ್ದ ಬ್ಯಾರಕ್ಕಿನಲ್ಲಿ ಒಬ್ಬ ಹುಡುಗನನ್ನು ಚುಚ್ಚಿದ್ದರು. ಚುಚ್ಚಿದ್ದು ಸ್ವತಃ ಅಣ್ಣ ಎನ್ನಿಸಿಕೊಂಡವನು. ಕೇಸು ನಡೆಯುತ್ತಿತ್ತು, ಸುಂದರನಿಗೆ ಸಾಕ್ಷಿಯಾಗಿ ಕರೆ ಬಂದಿತ್ತು. ಅವನು ಕಟಕಟೆ ಹತ್ತಿ ‘ಚುಚ್ಚಿದ್ದು ನಾನು’ ಎನ್ನಬೇಕು ಎಂದು ಒಳಗಿಂದ ಹುಕುಂ ಆಗಿತ್ತು. ಹಾಗೆಂದರೆ ಮತ್ತೆ ಒಳಗೆ, ಈ ಸಲ ಎಷ್ಟು ವರ್ಷವೋ ಗೊತ್ತಿಲ್ಲ. ಇಲ್ಲವೆಂದರೆ ಏನಾಗುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಗುರುತಿಲ್ಲದ ಇಬ್ಬರು ಕೊಟ್ಟಿಗೆಹಾರಕ್ಕೆ ಬಂದು, ಅವನ ಎದುರಿನ ಬೆಂಚಿನಲ್ಲಿ ಕೂತು ಚಾ ಕುಡಿದು, ‘ಮಗಳು ಯಾವ ಕ್ಲಾಸು? ನಡ್ಕೊಂಡೇ ಹೋಗ್ತಾಳಲ್ವಾ?’ ಎಂದು ಕೇಳಿ ಹೋಗಿದ್ದರು. ಅಷ್ಟೇ.

ನಾನು ವಾದಕ್ಕೆ ಬಿದ್ದೆ. ಪೊಲೀಸರಿದ್ದಾರೆ, ಜಡ್ಜ್ ಇದ್ದಾರೆ, ಗೋಡೆಯೊಳಗೆ ಇರುವವನು ಇಷ್ಟು ಬೆಟ್ಟ ದಾಟಿ ಏನು ಮಾಡುತ್ತಾನೆ ಎಂದೆ.

‘ಅವ್ನು ಎಂತದೂ ಮಾಡೋದಿಲ್ಲ ಸಣ್ಣ ಗೌಡ್ರೆ, ಅದೇ ಇರೋದು. ಜೋರು ಮಾತೂ ಇಲ್ಲ. ಸ್ನಾನ ಮಾಡಿ ಬರ್ತಾನೆ ಅಂತ ಇಟ್ಕೊಳ್ಳಿ, ಬಾಗ್ಲಿಗೆ ಬರೋ ಮುಂಚೆ ಇಡೀ ಬ್ಯಾರಕ್ ಕೂತಿರ್ತದೆ. ಯಾರೂ ಕೂಗಿ ಹೇಳೋದಿಲ್ಲ. ಮೈಗೇ ಗೊತ್ತಾಗ್ತದೆ.’

‘ಕೂರದಿದ್ರೆ?’

‘ಕೂರದೆ ಇದ್ದೋರನ್ನ ನಾನು ನೋಡ್ಲಿಲ್ಲ.’

‘ಹಾಗಾದ್ರೆ ಬಲ ಇರೋದು ಅವನ ಹತ್ರ ಅಲ್ಲ ಸುಂದ್ರಣ್ಣ, ನಿಮ್ಮೆಲ್ಲರ ಮೊಣಕಾಲಲ್ಲಿ.’

ಅವನು ಎಣ್ಣೆ ಕೈ ಒರೆಸಿಕೊಳ್ಳುತ್ತ ನಕ್ಕ. ‘ನಿಮ್ ಬಾಯಿ ನಮ್ ವಕೀಲಂಗೆ ಇದ್ದಿದ್ರೆ ನಾನು ಒಂದೇ ವಾರಕ್ಕೆ ಮನೇಲಿರ್ತಿದ್ದೆ.’

ಆಮೇಲೆ ದಿನವೂ ಇದೇ. ಶೆಡ್ಡಿನಲ್ಲಿ, ಜೀಪಿನಲ್ಲಿ, ಮೂಡಿಗೆರೆಯ ಬಸ್ ಸ್ಟ್ಯಾಂಡಿನಲ್ಲಿ. ಅವನ ಹೆಂಡತಿ ಗಿರಿಜ ನಮ್ಮದೇ ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದಳು. ಒಂದು ದಿನ ಗಿಡಗಳ ನಡುವಿನಿಂದಲೇ ನನ್ನನ್ನು ತಡೆದು ನಿಲ್ಲಿಸಿದಳು. ‘ನೀವು ಮಾತಲ್ಲಿ ಗೆದ್ದು ಮನೆಗೆ ಹೋಗಿ ಊಟ ಮಾಡ್ತೀರಿ. ಶಾಲೆ ದಾರೀಲಿ ನಿಲ್ಲೋರು ನನ್ ಮಗಳಿಗೆ ಕಾಯೋದು. ನಮ್ಮನೆಯವ್ರು ಒಂದು ಕಡೆ ಮನಸ್ಸು ಗಟ್ಟಿ ಮಾಡ್ಕೊಳ್ಲಿ, ಅವ್ರನ್ನ ಬಿಡಿ.’ ನಾನು ಅಲ್ಲಿಂದ ಬಂದುಬಿಟ್ಟೆ. ಒಳಗೆ ಮಾತ್ರ ವಾದ ನಿಲ್ಲಲಿಲ್ಲ. ಹಾಸಿಗೆಯಲ್ಲೂ ಮಗ್ಗುಲು ಬದಲಿಸುತ್ತ ಹೊಸ ಹೊಸ ಅಂಶಗಳನ್ನು ಜೋಡಿಸುತ್ತಿದ್ದೆ.

ಸಾಕ್ಷಿಗೆ ಹೋಗಬೇಕಾದ ಹಿಂದಿನ ದಿನ ಸುಂದರ ತೀರ್ಮಾನ ಮಾಡಿದ್ದ. ಒಪ್ಪಿಕೊಳ್ಳುತ್ತೇನೆ, ಮಗಳ ತಂಟೆಗೆ ಬಾರದಿದ್ದರೆ ಸಾಕು ಎಂದ. ಗಿರಿಜ ಅಂದೂ ಕೊಯ್ಲಿಗೆ ಬಂದಿದ್ದಳು. ಅವಳ ಮುಖದಲ್ಲಿ ಅತ್ತ ಗುರುತೂ ಇರಲಿಲ್ಲ.

ಇನ್ನು ಆ ಸಂಜೆಯದು. ಕೊಯ್ಲಿನ ಕಾಲದಲ್ಲಿ ಸಂಜೆ ತೂಕ ನಡೆಯುವುದು ಕಣದ ಅಂಚಿನಲ್ಲಿ. ಕಾಫಿ ತೋಟದ ಕಣ ಎಂದರೆ ಸಿಮೆಂಟು ಹಾಕಿದ ದೊಡ್ಡ ಅಂಗಳ, ಅದರ ತುಂಬ ಪಾರ್ಚ್‌ಮೆಂಟ್, ಅಂದರೆ ಪಲ್ಪರ್ ಯಂತ್ರದಲ್ಲಿ ಹಣ್ಣಿನ ಸಿಪ್ಪೆ ಸುಲಿದು ತೆಗೆದ ಬೀಜ, ಒಣಗಲು ಹರಡಿರುತ್ತದೆ. ಚಿಕ್ಕಪ್ಪನ ಕಣಕ್ಕೆ ಯಾರೂ ಚಪ್ಪಲಿ ಹಾಕಿ ಇಳಿಯುವಂತಿರಲಿಲ್ಲ. ಕೂರುವ ಮಾತಂತೂ ಇಲ್ಲವೇ ಇಲ್ಲ. ದಣಿದು ಬಂದ ಆಳುಗಳು ಕೂತರೆ ಕಣದ ಹೊರಗಿನ ಕಟ್ಟೆಯ ಮೇಲೆ. ಬೀಜ ಆರಿಸುವ ಹೆಂಗಸರು ಕೂಡ ಅಂಚಿನಲ್ಲಿ ಕೂತು ಕೈಚಾಚಿ ಆರಿಸುತ್ತಿದ್ದರು. ಇದನ್ನು ಯಾಕೆ ಹೇಳುತ್ತೇನೆಂದರೆ, ಆ ತೋಟದಲ್ಲಿ ಮೈಮರೆತಾದರೂ ಯಾರೂ ಮಾಡದ ಒಂದು ಕೆಲಸ ಇದ್ದರೆ ಅದು ಕಣದ ಮೇಲೆ ಕೂರುವುದು.

ತೋಟದ ಲೆಕ್ಕ ಬರೆಯುವ ಪೌಲ್ ರೈಟರು ತೂಕ ನೋಡಿ ಹೆಸರು ಕೂಗುತ್ತಿದ್ದರು. ಪಕ್ಕದಲ್ಲಿ ಚಿಕ್ಕಪ್ಪ, ಮೂಡಿಗೆರೆಯಲ್ಲಿ ಯಾರದೋ ನಿಶ್ಚಿತಾರ್ಥಕ್ಕೆ ಹೊರಟು ಗರಿಗರಿ ಬಿಳಿ ಪಂಚೆ ಉಟ್ಟು ನಿಂತಿದ್ದರು. ಅವರನ್ನು ಕರೆದುಕೊಂಡು ಹೋಗಲು, ಹಾಗೇ ‘ನಾಳೆ ಹೋಗ್ತೀನಿ, ಗಿರಿಜನ್ನ ನೋಡ್ಕೊಳ್ಳಿ’ ಎಂದು ಹೇಳಲು ಸುಂದರ ಬಂದಿದ್ದ. ಹಣ್ಣಿನ ಮೂಟೆ ಹೊತ್ತ ಹೆಂಗಸರು, ಗಂಡಸರು ಸಾಲಾಗಿ ನಿಂತಿದ್ದರು. ನಾನು ಎಲ್ಲರಿಗೂ ಬೆನ್ನು ಹಾಕಿ, ಗೇಟಿನ ಕಡೆ ಮುಖ ಮಾಡಿ ಕಣದ ಆ ಅಂಚಿನಲ್ಲಿದ್ದೆ. ಸುಂದರನಿಗೆ ಕೊನೆಯದಾಗಿ ಏನು ಹೇಳಿದರೆ ಅವನು ತಿರುಗಿಯಾನು ಎಂದು ಯೋಚಿಸುತ್ತಿದ್ದೆ.

ಪೌಲ್ ರೈಟರ ಕೂಗು ಒಂದು ಹೆಸರಿನ ಅರ್ಧಕ್ಕೆ ನಿಂತಿತು. ಅದು ನನಗೆ ಚೆನ್ನಾಗಿ ನೆನಪಿದೆ. ಬೇರೆ ಯಾವ ಶಬ್ದವೂ ಆಗಲಿಲ್ಲ. ಗೇಟಿನಲ್ಲಿ ಯಾರೂ ಇರಲಿಲ್ಲ, ನಾನು ಅದನ್ನೇ ನೋಡುತ್ತಿದ್ದೆ. ಕತ್ತಿನ ಹಿಂಭಾಗದಲ್ಲಿ ಒಂದು ಬಿಗಿ, ಶಾಲೆಯಲ್ಲಿ ಹೆಡ್ ಮೇಷ್ಟ್ರು ಬಾಗಿಲಿಗೆ ಬಂದಾಗ ತಿರುಗಿ ನೋಡದೆಯೂ ಗೊತ್ತಾಗುತ್ತಿತ್ತಲ್ಲ, ಅಂಥದ್ದು. ಅದರ ನಂತರ ನನಗೆ ಗೊತ್ತಿರುವುದು ನಾನು ಕೂತಿದ್ದೆ ಎಂಬುದು. ಕೂತದ್ದು ನೆನಪಿಲ್ಲ. ಮೊಣಕಾಲು ಮಡಿಸಿ, ತಲೆ ತಗ್ಗಿಸಿ, ಎರಡೂ ಅಂಗೈಗಳನ್ನು ಕುಂಡೆಯ ಕೆಳಗೆ ಒತ್ತಿಕೊಂಡು ಪಾರ್ಚ್‌ಮೆಂಟಿನ ಮೇಲೆ ಕೂತಿದ್ದೆ. ಬೀಜ ಅಂಗೈಗೆ ಚುಚ್ಚುತ್ತಿತ್ತು, ಕೈ ತೆಗೆಯಬೇಕೆನ್ನಿಸಲಿಲ್ಲ. ಭಯವಾಗಿತ್ತು ಎಂದು ಬರೆದರೆ ಸುಲಭವಾಗುತ್ತಿತ್ತು. ಭಯವಾಗಿರಲಿಲ್ಲ. ಹಾಗೆ ಕೂರುವುದೇ ಸರಿ, ತಲೆ ಎತ್ತುವುದು ಮರ್ಯಾದೆಯಲ್ಲ ಎನ್ನಿಸಿತ್ತು. ಇವತ್ತಿಗೂ ನನ್ನನ್ನು ಕಾಡುವುದು ಅದೇ.

ಎಷ್ಟು ಹೊತ್ತೋ ಗೊತ್ತಿಲ್ಲ, ಬಹಳ ಹೊತ್ತಿರಲಾರದು. ನಗು ಕೇಳಿಸಿತು. ಒಬ್ಬನೇ ಗಂಡಸಿನ ನಗು, ತಡೆಯಲು ನೋಡಿ ತಡೆಯಲಾಗದೆ ಒಡೆದದ್ದು. ತಲೆ ಎತ್ತಿ ತಿರುಗಿದೆ. ಇಡೀ ಕಣ ಕೂತಿತ್ತು. ಹೆಂಗಸರು, ಗಂಡಸರು, ಪೌಲ್ ರೈಟರು, ಎಲ್ಲರೂ ತಲೆ ತಗ್ಗಿಸಿ, ಕೈಗಳನ್ನು ಅಡಿಗೆ ಹಾಕಿಕೊಂಡು. ಯಾರದೋ ಮೂಟೆ ಉರುಳಿ ಕೆಂಪು ಹಣ್ಣು ಚೆಲ್ಲಿತ್ತು. ಆ ಹಣ್ಣಿನ ಮೇಲೆ, ಬಿಳಿ ಪಂಚೆಯಲ್ಲಿ, ಆಳುಗಳ ಎದುರು ಬೆಂಚಿನ ಮೇಲೂ ಕೂರದ ನಮ್ಮ ಚಿಕ್ಕಪ್ಪ ಕುಕ್ಕರಿಸಿದ್ದರು. ನಿಂತಿದ್ದವನು ಸುಂದರನೊಬ್ಬನೇ. ಚಿಕ್ಕಪ್ಪನನ್ನು ನೋಡಿ ನಗುತ್ತಿದ್ದ, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಒಬ್ಬೊಬ್ಬರಾಗಿ ಎದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಚಿಕ್ಕಪ್ಪ ಕೆಂಪು ಕಲೆಯಾದ ಪಂಚೆ ಹಿಡಿದುಕೊಂಡು ಒಳಗೆ ಹೋದವರು ನಿಶ್ಚಿತಾರ್ಥಕ್ಕೆ ಹೋಗಲಿಲ್ಲ. ಕೇಳಿದ್ದಕ್ಕೆ ‘ಬಿಸ್ಲಿಗೆ ತಲೆ ತಿರುಗ್ತು’ ಎಂದರು. ಬಿಸಿಲು ಆಗಲೇ ಮರದ ತುದಿಗೆ ಹೋಗಿತ್ತು.

ಮಾರನೆಯ ಬೆಳಿಗ್ಗೆ ಸುಂದರನ ಜೊತೆ ನಾನೂ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವನು ಕಿಟಕಿಯಾಚೆ ನೋಡುತ್ತಿದ್ದ, ನಾನು ಜೀವನದಲ್ಲಿ ಮೊದಲ ಸಲ ಏನನ್ನೂ ವಾದಿಸಲಿಲ್ಲ. ಕೋರ್ಟಿನಲ್ಲಿ ಅವನು ‘ನಾನು ಚುಚ್ಚಿಲ್ಲ. ಚುಚ್ಚಿದ್ದನ್ನ ನೋಡಿದ್ದೀನಿ’ ಎಂದು ಹೇಳಿ, ಯಾರು ಎಂದು ಕೈ ತೋರಿಸಿದ. ಆ ಅಣ್ಣನನ್ನು ನಾನು ನೋಡಿದ್ದು ಆಗಲೇ. ಕನ್ನಡಕ, ಸ್ವಲ್ಪ ಬೊಜ್ಜು, ಸೊಸೈಟಿಯ ಗುಮಾಸ್ತನ ಹಾಗಿದ್ದ. ನನ್ನ ಕಡೆಗೂ ಒಮ್ಮೆ ನೋಡಿದ. ನಾನು ಕಾದೆ, ನಿಜವಾಗಿ ಕಾದೆ. ಕತ್ತಿನ ಹಿಂದೆ ಏನೂ ಆಗಲಿಲ್ಲ, ಮೊಣಕಾಲು ನೆಟ್ಟಗೇ ಇತ್ತು.

ಮುಂದೆ ಕೆಲವು ತಿಂಗಳು ಗಿರಿಜ ಮಗಳನ್ನು ಶಾಲೆಗೆ ತಾನೇ ಬಿಟ್ಟು ಬರುತ್ತಿದ್ದಳು. ಆ ಇಬ್ಬರು ಇನ್ನೊಮ್ಮೆ ಹೋಟೆಲಿಗೆ ಬಂದು ಚಾ ಕುಡಿದರು, ಏನೂ ಕೇಳದೆ ಹೋದರು. ಆಮೇಲೆ ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದೂ ನನಗೆ ಗೊತ್ತಿಲ್ಲ. ಧೈರ್ಯ ಮಾಡಿದ್ದಕ್ಕೆ ಹೀಗಾಯಿತು ಎಂದು ಬರೆದು ಇದನ್ನು ಮುಗಿಸಲು ನನಗೆ ಅಧಿಕಾರವಿಲ್ಲ. ಧೈರ್ಯ ಮಾಡಿ ಹಾಳಾದವರೂ ಇದ್ದಾರೆ.

ನಾನು ಸುಮ್ಮನೆ ಕೂರುವವನಲ್ಲ. ಅಲ್ಲಿದ್ದವರನ್ನು ಬೇರೆ ಬೇರೆಯಾಗಿ ಕೇಳಿದೆ. ಮೊದಲಿಗೆ ಹೊಳೆದದ್ದು ಹೆಜ್ಜೇನು. ನಮ್ಮ ಕಡೆ ಹೆಜ್ಜೇನಿನ ಹಿಂಡು ತಲೆ ಮೇಲೆ ಹಾದರೆ ಎಲ್ಲರೂ ಇದ್ದಲ್ಲೇ ಅಡಗುತ್ತಾರೆ, ಕಲಿಸಬೇಕಾಗಿಲ್ಲ. ಗಿರಿಜ ಅದನ್ನು ಒಂದೇ ಮಾತಿಗೆ ಮುಗಿಸಿದಳು: ‘ಜೇನು ಬಂದ್ರೆ ಬೋರಲು ಬಿದ್ದು ಮುಖ ಮುಚ್ಕೊಳ್ತೀವಿ. ಕೈ ಮೇಲೆ ಕೂತ್ರೆ ಮುಖ ಎಂತದ್ರಲ್ಲಿ ಮುಚ್ಕೊಳ್ಳೋದು?’ ಒಬ್ಬರನ್ನು ನೋಡಿ ಒಬ್ಬರು ಕೂತಿರಬೇಕು ಎಂದುಕೊಂಡೆ. ಮೊದಲು ಕೂತವರು ಯಾರು ಎಂದು ಪೌಲ್ ರೈಟರನ್ನು ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ, ‘ನೀವೇ ಅಲ್ವಾ? ನೀವು ಕೂತದ್ದು ನೋಡಿಯೇ ನನ್ನ ಬಾಯಿ ನಿಂತದ್ದು’ ಎಂದರು. ನನ್ನ ನೆನಪಿನಲ್ಲಿ ಅವರ ಕೂಗು ನಿಂತದ್ದೇ ಮೊದಲು. ಅದೂ ಅಲ್ಲದೆ ನಾನೋ ಎಲ್ಲರಿಗೂ ಬೆನ್ನು ಹಾಕಿದ್ದವನು, ನೋಡಿ ಕಲಿಯಲು ನನ್ನ ಎದುರಿಗೆ ಬರಿಯ ಗೇಟು. ಹೋಗಲಿ, ದಿನವೂ ಜೈಲಿನ ಮಾತು ಕೇಳಿ ನನ್ನ ತಲೆಯೇ ಹಾಗೆ ಮಾಡಿತು, ಉಳಿದವರು ನನ್ನನ್ನು ನೋಡಿ ಕೂತರು ಎನ್ನೋಣ. ಆದರೆ ಪಲ್ಪರ್ ಮನೆಯ ಗೋಡೆಯ ಆಚೆ ತೊಟ್ಟಿ ತೊಳೆಯುತ್ತಿದ್ದ ಹೆಂಗಸು ಅಲ್ಲಿ ಒಬ್ಬಳೇ, ನಮ್ಮಲ್ಲಿ ಯಾರನ್ನೂ ಕಾಣದೆ, ಒದ್ದೆ ನೆಲದ ಮೇಲೆ ಕೂತಿದ್ದಳು. ಅವಳ ಸೀರೆ ನೆನೆದದ್ದನ್ನು ನಾನೇ ನೋಡಿದ್ದೇನೆ.

ಇನ್ನು ಆ ಕೈಗಳು. ಬ್ಯಾರಕ್ಕಿನಲ್ಲಿ ಕೂರುತ್ತಿದ್ದರು ಎಂದು ಸುಂದರ ನನಗೆ ಹೇಳಿದ್ದ, ಹೇಗೆ ಕೂರುತ್ತಿದ್ದರು ಎಂದು ಹೇಳಿರಲಿಲ್ಲ. ವರ್ಷಗಳ ನಂತರ ಅವನನ್ನು ಕೇಳಿಯೇಬಿಟ್ಟೆ. ಅಷ್ಟರಲ್ಲಿ ಗಂಧದ ಕೇಸೂ ಬಿದ್ದುಹೋಗಿ, ಅವನು ಸ್ವಂತ ಜೀಪು ಮಾಡಿಕೊಂಡು ಕಳಸದಲ್ಲಿ ಬಾಡಿಗೆ ಹೊಡೆಯುತ್ತಿದ್ದ. ಮಧ್ಯಾಹ್ನದ ಹೊತ್ತು, ಜನ ತುಂಬಲಿ ಎಂದು ಬಸ್ ಸ್ಟ್ಯಾಂಡಿನ ಪಕ್ಕ ಜೀಪು ನಿಲ್ಲಿಸಿಕೊಂಡಿದ್ದ.

‘ಹಾಗೇ ಕೂರೋದು. ಕೈ ಅಡೀಲಿ ಇರ್ಬೇಕು, ಕೈಯಲ್ಲಿ ಎಂತದೂ ಇಲ್ಲ ಅಂತ ಅವ್ನಿಗೆ ಗೊತ್ತಾಗ್ಲಿಕ್ಕೆ. ಅದನ್ನ ನಾನು ಗಿರಿಜಂಗೂ ಹೇಳಿರ್ಲಿಲ್ಲ. ಹೇಳೋ ವಿಷ್ಯವಾ ಅದು, ನಾಚಿಕೆ.’

‘ಆ ದಿನ ನೀನ್ಯಾಕೆ ಕೂರಲಿಲ್ಲ ಸುಂದ್ರಣ್ಣ? ನನ್ನ ಮಾತು ನೆನಪಾಯ್ತಾ?’

ಅವನು ಬಿದ್ದು ಬಿದ್ದು ನಕ್ಕ. ‘ನಿಮ್ ಮಾತಾ? ಅಯ್ಯೋ ಮಾರಾಯ್ರೆ! ಕೂರ್ಲಿಕ್ಕೇ ಹೋದೆ, ಮೊಣಕಾಲು ಬಗ್ಗಿತ್ತು. ಅಷ್ಟರಲ್ಲಿ ಗೌಡ್ರು ಕಂಡ್ರು, ಹಣ್ಣಿನ ಮೇಲೆ, ಬಿಳಿ ಪಂಚೇಲಿ. ನಗು ಬಂದ್ಬಿಡ್ತು. ನಗೋನಿಗೆ ಹಾಗೆ ಕೂರ್ಲಿಕ್ಕೆ ಆಗೋದಿಲ್ಲ.’ ಸ್ಟೀರಿಂಗಿನ ಮೇಲೆ ಕೈಯಿಟ್ಟು ಹೇಳಿದ: ‘ಒಳಗಿದ್ದಾಗ ನಾನೂ ಕೂತಿರ್ತಿದ್ದೆ, ಅವನಿಗೆ ನಾವು ಹೇಗೆ ಕಾಣ್ತೀವಿ ಅಂತ ಗೊತ್ತಿರ್ಲಿಲ್ಲ. ಆವತ್ತು ನಿಂತು ನೋಡಿದೆ. ಬರೀ ತಲೆಗಳು. ಇಷ್ಟಕ್ಕಾ ನಾನು ಮತ್ತೆ ಹೋಗಿ ಒಳಗೆ ಕೂರೋದು ಅನ್ನಿಸ್ತು.’

ಸೀಟು ತುಂಬಿತು. ಯಾರೋ ಹಿಂದಿನಿಂದ ‘ಹೋಗುವ ಹೋಗುವ’ ಎಂದು ತಗಡು ತಟ್ಟಿದರು. ಸುಂದರ ಗಾಡಿ ಸ್ಟಾರ್ಟ್ ಮಾಡಿ, ಗೇರು ಹಾಕುವ ಮುಂಚೆ ನನ್ನ ಕಡೆ ಬಗ್ಗಿದ. ಗೇಲಿಯ ದನಿಯಲ್ಲ, ಇಷ್ಟು ವರ್ಷ ಕೇಳಬೇಕೆಂದು ಇಟ್ಟುಕೊಂಡವನ ದನಿ.

‘ನಾನಾದ್ರೆ ಅವನನ್ನ ಕಂಡವನು ಸಣ್ಣ ಗೌಡ್ರೆ. ಅವನ ಜೊತೆ ಎರಡು ವರ್ಷ ಇದ್ದವನು. ನೀವೆಲ್ಲ ಯಾರಿಗೆ ಕೂತಿದ್ದು?’